ಕಾರ್ ಶೆಡ್ಡಿನ ಹಾಯಿದೋಣಿ

ಕಡಲಿಲ್ಲದ ಊರಲ್ಲಿ ದೋಣಿ ರಿಪೇರಿಗೆ ಕೂತರೆ ಏನಾದರೊಂದು ಆಗ್ತಾನೇ ಇರುತ್ತೆ. ಮಾರೇನಹಳ್ಳಿಯಲ್ಲಿ ನಂದೊಂದು ಸಣ್ಣ ಫೈಬರ್ ವರ್ಕ್‌ಶಾಪ್. ಬಾತ್‌ರೂಮ್ ಬಾಗಿಲು, ನೀರಿನ ಟ್ಯಾಂಕು, ಬಸ್ಸಿನ ಬಂಪರು, ಇಷ್ಟೇ ನನಗೆ ಗೊತ್ತಿದ್ದ ಕೆಲಸ. ಒಂದು ದಿನ ನಾಗರಬಾವಿಯಿಂದ ಒಬ್ಬ ರಿಟೈರ್ಡ್ ಮೇಷ್ಟ್ರು ಹುಡುಕಿಕೊಂಡು ಬಂದರು. ಮದುವೆಯಾದ ಹೊಸದರಲ್ಲಿ ಅವರೂ ಅವರ ಹೆಂಡತಿಯೂ ಜಲಾಶಯವೊಂದರಲ್ಲಿ ಹಾಯಿದೋಣಿ ನಡೆಸ್ತಿದ್ದರಂತೆ. ಯಾರದೋ ಗೋಡೌನಿನಲ್ಲಿ ಬಿದ್ದಿದ್ದ ಅದೇ ಫೈಬರ್ ದೋಣಿ ಈಗ ಸಿಕ್ಕಿದೆ. ಆದರೆ ಹೆಂಡತಿಗೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಬಿದ್ದುಹೋಗಿವೆ, ಮಾತೂ ಹೋಗಿದೆ.

"ಒಂದೇ ಒಂದು ಸಲ ಅವಳನ್ನ ಅದರಲ್ಲಿ ಕೂರಿಸಿ ನೀರಿಗಿಳಿಸ್ಬೇಕು. ರಿಪೇರಿ ಮಾಡಿಕೊಡ್ತೀರಾ?" ಅಂದರು.

ದೋಣಿ ಮುಟ್ಟಿ ಗೊತ್ತಿಲ್ಲದ ನಾನು ಹೂಂ ಅಂದುಬಿಟ್ಟೆ.

೧. ಎದುರುಮನೆಯವರು

ದೋಣಿ ಲಾರಿಯಲ್ಲಿ ಬಂದು ಮೇಷ್ಟ್ರ ಕಾರ್ ಶೆಡ್ಡಿನಲ್ಲಿ ಹಳೇ ಟಯರುಗಳ ಮೇಲೆ ಕೂತಿತು. ಎದುರುಮನೆ ಆಂಟಿ ಬಂದು ಇದು ಯಾವ ಥರದ ಟ್ಯಾಂಕು ಅಂತ ವಿಚಾರಿಸಿದರು. ದೋಣಿ ಅಂತ ಹೇಳಿದೆ. ಅವರು ನಗಲಿಲ್ಲ. ತಲೆಯೆತ್ತಿ ಒಂದು ಸಲ ಆಕಾಶ ನೋಡಿದರು.

"ಹೋದ ಮಳೆಗಾಲದಲ್ಲಿ ನಮ್ಮ ಕಾರು ಅಂಡರ್‌ಪಾಸ್ ನೀರಲ್ಲಿ ನಿಂತೋಯ್ತು. ನಾವು ನಾಲ್ಕೇ ಜನ ಸಾರ್, ಸ್ವಲ್ಪ ನೆನಪಿಟ್ಕೊಳ್ಳಿ" ಅಂದು ಹೋದರು.

೨. ಸೀಮೆಸುಣ್ಣ

ಇಂಥ ದೋಣಿ ಮೇಲೆ ನೋಡೋಕೆ ಚೆನ್ನಾಗಿದ್ದರೂ ಫೈಬರಿನ ಎರಡು ಪದರಗಳ ನಡುವಿನ ಮರ ಕೊಳೆತಿರುತ್ತೆ. ಸುತ್ತಿಗೆ ಹಿಡಿಯಿಂದ ತಟ್ಟಿದರೆ ಗಟ್ಟಿ ಇರೋ ಕಡೆ ಟಕ್ ಅನ್ನುತ್ತೆ, ಕೊಳೆತ ಕಡೆ ಧಬ್ ಅನ್ನುತ್ತೆ. ನಾನು ತಟ್ಟುತ್ತಾ ಹೋದೆ. ಧಬ್ ಅಂದಲ್ಲೆಲ್ಲ ಮೇಷ್ಟ್ರು ಸೀಮೆಸುಣ್ಣದಲ್ಲಿ ಗೀಟು ಹಾಕಿದರು. ಅರ್ಧ ಗಂಟೆಯಲ್ಲಿ ದೋಣಿಯ ಮೇಲ್ಭಾಗವೆಲ್ಲ ಬೆಳ್ಳಗಾಯ್ತು. ಅವರು ಕೈಯಲ್ಲಿ ಉಳಿದಿದ್ದ ಸೀಮೆಸುಣ್ಣದ ಚೂರನ್ನ ತಿರುಗಿಸಿ ನೋಡಿದರು.

ಆಮೇಲೆ ಹೇಳಿದರು. "ಇನ್ಮೇಲೆ ಸರಿಯಿರೋ ಕಡೆ ಗೀಟು ಹಾಕೋಣ. ಸೀಮೆಸುಣ್ಣನಾದ್ರೂ ಉಳಿಯುತ್ತೆ."

೩. ಟೈಲರ್

ಹಾಯಿ ಹರಿದಿತ್ತು. ಹೊಸಹಳ್ಳಿಯಲ್ಲಿ ಶಾಮಿಯಾನ ಹೊಲಿಯುವ ಟೈಲರ್ ಹತ್ತಿರ ಒಯ್ದೆವು. ಅವನು ಬಟ್ಟೆ ಹಾಸಿ ಅಳತೆ ಮಾಡಿ, ಇದರ ಇನ್ನರ್ಧ ಎಲ್ಲಿ ಅಂತ ಕೇಳಿದ. ಹಾಯಿ ಇರೋದೇ ಮೂರು ಮೂಲೆ ಅಂತ ಮೇಷ್ಟ್ರು ಪಾಠದ ಹಾಗೆ ವಿವರಿಸಿದರು. ಅವನು ಕೇಳಿಸಿಕೊಂಡ, ನಂಬಲಿಲ್ಲ.

ವಾರ ಬಿಟ್ಟು ಹೋದರೆ ಹರಿದದ್ದನ್ನು ಬಹಳ ಚೆನ್ನಾಗಿ ಹೊಲಿದಿದ್ದ. ಜೊತೆಗೆ ಹೊಸ ಬಟ್ಟೆ ಸೇರಿಸಿ ಅದನ್ನ ಚೌಕ ಮಾಡಿದ್ದ. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ, "ಪಾಪ, ವಯಸ್ಸಾದವರು, ಎಲ್ಲೋ ಕಳಕೊಂಡಿರ್ತಾರೆ. ನಾನೇ ಸರಿ ಮಾಡಿದೀನಿ ಅಣ್ಣ."

೪. ಬಣ್ಣ

ಮೇಷ್ಟ್ರ ಹೆಂಡತಿಗೆ ಉಳಿದಿದ್ದ ಮಾತು ಒಂದೇ, "ಆಯ್ತು". ನಾನು ಕೆಲಸ ಮಾಡುವಾಗ ಬಾಗಿಲ ಹತ್ತಿರ ವೀಲ್‌ಚೇರಿನಲ್ಲಿ ಕೂತು ನೋಡ್ತಿದ್ದರು. ಬಣ್ಣ ಹಾಕುವ ದಿನ ಮೇಷ್ಟ್ರು ಅವರ ಹತ್ತಿರ ಬಗ್ಗಿ, ಹಸಿರು ಹಾಕೋಣವಾ ಅಂತ ಕೇಳಿದರು. ಆಯ್ತು ಅಂದರು. ನೀಲಿ? ಆಯ್ತು. ಹಾಗಾದರೆ ಯಾವ ಬಣ್ಣವೂ ಬೇಡವಾ? ಅದಕ್ಕೂ ಆಯ್ತು.

ಮೇಷ್ಟ್ರು ನನ್ನ ಕಡೆ ತಿರುಗಿ, "ನಲವತ್ತು ವರ್ಷದಲ್ಲಿ ಇವಳು ನನ್ನ ಮಾತಿಗೆ ಇಷ್ಟು ಸಲ ಒಪ್ಪಿದ್ದೇ ಇಲ್ಲ" ಅಂದರು. ನಾನು ನಕ್ಕೆ. ಅವರು ಮುಖ ತೊಳಕೊಂಡು ಬರ್ತೀನಿ ಅಂತ ಒಳಗೆ ಹೋದರು.

ಆ ಸಾಯಂಕಾಲ ಇಬ್ಬರೂ ಸೇರಿ ಆಕೆಯನ್ನ ಎತ್ತಿ ದೋಣಿಯೊಳಗೆ ಕೂರಿಸಿದೆವು. ಎಡಗೈಯಲ್ಲಿ ಚುಕ್ಕಾಣಿ ಹಿಡಿದು, ಗೇಟಿನ ಕಡೆ ನೋಡುತ್ತಾ ಬಹಳ ಹೊತ್ತು ಕೂತಿದ್ದರು. ಅಷ್ಟೇ ಆಗಿದ್ದು. ನೀರಿಗಿಳಿಸಲು ಹತ್ತು ದಿನ ಬಾಕಿಯಿದ್ದಾಗ ಇನ್ನೊಂದು ಸ್ಟ್ರೋಕ್ ಆಗಿ ತೀರಿಕೊಂಡರು.

೫. ಹದಿಮೂರನೇ ದಿನ

ಹದಿಮೂರನೇ ದಿನದ ಊಟಕ್ಕೆ ನನ್ನನ್ನೂ ಕರೆದಿದ್ದರು. ಬೆಳಿಗ್ಗೆ ಮೋಟರ್ ಕೆಟ್ಟು, ಸಂಪಿನ ನೀರು ಮೇಲೆ ಬರಲಿಲ್ಲ. ಅಡಿಗೆಯವರು ಟ್ಯಾಂಕರ್ ತರಿಸಿದರು. ಪಾತ್ರೆ ತೊಳೆಯುವ ನೀರಿಗೆ ದೊಡ್ಡ ತೊಟ್ಟಿ ಕಾಣದೆ, ಪೈಪನ್ನ ಸೀದಾ ದೋಣಿಗೆ ಬಿಟ್ಟರು. ನಾನು ಹೋಗುವಷ್ಟರಲ್ಲಿ ದೋಣಿ ಅರ್ಧ ತುಂಬಿತ್ತು.

ಮೇಷ್ಟ್ರು ಬಂದು ನೋಡಿದರು. ಬೈಯಲಿಲ್ಲ. ಬಗ್ಗಿ, ದೋಣಿಯ ಅಡಿಯಲ್ಲಿ ಆ ತುದಿಯಿಂದ ಈ ತುದಿಯವರೆಗೆ ಕೈಯಾಡಿಸಿದರು.

"ಒಂದು ಹನಿನೂ ಸೋರಿಲ್ಲ ಕಣ್ರೀ" ಅಂದರು.

ಊಟಕ್ಕೆ ಜನರೆಲ್ಲ ಟೆರೇಸಿಗೆ ಹೋದ ಮೇಲೆ, ಇಷ್ಟು ಭಾರ ದೋಣಿಗೆ ಒಳ್ಳೆಯದಲ್ಲ ಅಂತ ನಾನು ಅದರ ಹಿಂಬದಿಯಲ್ಲಿ ನೀರು ಹೊರಬಿಡುವ ತೂತಿನ ಬಿರಟೆ ಕಿತ್ತೆ. ನೀರು ಹೋಗುವ ದಾರಿಯಲ್ಲಿ ಬಂದವರ ಚಪ್ಪಲಿಗಳೆಲ್ಲ ಇದ್ದದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಆ ರಸ್ತೆ ಪೂರ್ತಿ ಇಳಿಜಾರು. ಬಾಟಾ, ಹವಾಯಿ, ಜರಿಯ ಸ್ಯಾಂಡಲ್ಲು, ಎಲ್ಲಾ ಒಂದರ ಹಿಂದೆ ಒಂದು ಗೇಟು ದಾಟಿದವು. ಟೆರೇಸಿನಿಂದ ಅದನ್ನ ಕಂಡ ಪುರೋಹಿತರು ಎಲೆ ಬಿಟ್ಟೆದ್ದು, ಕೆಳಗಿಳಿದು, ಪಂಚೆ ಎತ್ತಿ ಕಟ್ಟಿ, ಎಂಜಲು ಕೈಯಲ್ಲೇ ಅವುಗಳ ಹಿಂದೆ ಓಡಿದರು.

ಮೇಷ್ಟ್ರು ಗೇಟಿಗೆ ಒರಗಿ ನಿಂತು ನೋಡಿದರು. ಭುಜ ಕುಲುಕುತ್ತಿತ್ತು. ನಗು ಯಾವುದು, ಅಳು ಯಾವುದು ಗೊತ್ತಾಗದೆ ನಾನು ಹತ್ತಿರ ಹೋದೆ. ಅವರು ನನ್ನ ಕೈ ಹಿಡಿದುಕೊಂಡು ಹೇಳಿದರು.

"ನಮ್ಮ ದೋಣಿ ಒಂದು ಬಿಟ್ಟು ಮಿಕ್ಕಿದ್ದೆಲ್ಲಾ ತೇಲಿತಲ್ಲಪ್ಪ."