ಪಂಚಾಕ್ಷರಿಯ ಟಚಪ್ ಕ್ಯಾಮೆರಾ

"ಅತ್ತಿಗೇ, ಆ ಪಡವಲಕಾಯಿ ಹೆಚ್ಚಬೇಡಿ! ವಿಜ್ಞಾನಕ್ಕೆ ಬೇಕು!"

ಹೀಗೆ ಕೂಗುತ್ತ ಪಕ್ಕದ ಮನೆಯ ಪಂಚಾಕ್ಷರಿ ನಮ್ಮ ಅಡುಗೆಮನೆಗೇ ನುಗ್ಗಿದ. ಈಳಿಗೆಮಣೆಯ ಮುಂದೆ ಕೂತಿದ್ದ ನನ್ನ ಹೆಂಡತಿ ಸರ್ವಮಂಗಳ ಬಾಯಿ ತೆರೆಯುವಷ್ಟರಲ್ಲಿ ಪಡವಲಕಾಯಿ ಕೈಬಿಟ್ಟಿತ್ತು. ಅವನು ಅದರ ತಿರುಳು ಕೆರೆದು, ಒಳಗೆ ಅಲ್ಲಲ್ಲಿ ಮೂರು ತೊಗರಿಬೇಳೆ ಅಂಟಿಸಿ, ನಮ್ಮ ಟೀವಿಯ ಮುಂದೆ ಮಲಗಿಸಿದ.

"ವೀರಣ್ಣ, ಇದು ನಿನ್ನ ಕರುಳು ಅಂತ ತಿಳ್ಕೋ."

"ಯಾಕೆ ತಿಳ್ಕೋಬೇಕು?" ಎಂದೆ ಸಿಟ್ಟಿನಿಂದ. ಆ ದಿನಗಳಲ್ಲಿ ನನ್ನೆದುರು ಕರುಳಿನ ಮಾತೆತ್ತಿದವರೆಲ್ಲ ಶತ್ರುಗಳೇ. ಮಲದಲ್ಲಿ ರಕ್ತ ಕಾಣಿಸಿಕೊಂಡಿತ್ತು. ಪಂಚಾಕ್ಷರಿಯ ತಂಗಿಯ ಮಗಳು ವಿನೋದಿನಿ ಹಾಸನದಲ್ಲಿ ಹೊಟ್ಟೆಯ ಡಾಕ್ಟರು. ಕ್ಯಾಮೆರಾ ಬಿಟ್ಟು ನೋಡಲೇಬೇಕು ಅಂದಿದ್ದಳು. ನನಗೆ ಹೆದರಿಕೆ. ನಮ್ಮಪ್ಪನಿಗೂ ಹೀಗೇ ಶುರುವಾಗಿತ್ತು. ಗೊತ್ತಾಗುವ ಹೊತ್ತಿಗೆ ಕಾಲ ಮಿಂಚಿತ್ತು.

ಪಂಚಾಕ್ಷರಿ ತನ್ನ ಹೊಸ ಯಂತ್ರದ ವೈರನ್ನು ಟೀವಿಗೆ ಸಿಕ್ಕಿಸಿ, ಅದರ ಸಪೂರ ಕೊಳವೆಯನ್ನು ಪಡವಲಕಾಯಿಯೊಳಗೆ ತೂರಿಸಿದ. ತುದಿಯಲ್ಲಿ ನೀಲಿ ಹಸಿರು ಬೆಳಕು ಮಿನುಗಿತು.

"ಬಿಳಿ ಬೆಳಕಲ್ಲಿ ಕರುಳೆಲ್ಲ ಒಂದೇ ಕೆಂಪು. ಈ ಎರಡು ಬಣ್ಣ ಮಾತ್ರ ಬಿಟ್ಟರೆ ರಕ್ತನಾಳ ಕಪ್ಪಗೆ ಎದ್ದು ಕಾಣುತ್ತೆ. ಗುಳ್ಳೆ ಇದ್ದ ಕಡೆ ನಾಳ ಸಿಕ್ಕುಸಿಕ್ಕು. ಡಾಕ್ಟರು ಅದನ್ನ ಪಾಲಿಪ್ ಅಂತಾರೆ. ಇಂಥ ಬೆಳಕು ಅವರ ಹತ್ರಾನೂ ಇದೆ ಅನ್ನು. ಆದರೆ ನನ್ನ ಯಂತ್ರ ಕಂಡ ತಕ್ಷಣ ಕೂಗುತ್ತೆ!"

"ಟಿಂವ್!" ಎಂದಿತು ಯಂತ್ರ. ಮತ್ತೆರಡು ಸಲ ಟಿಂವ್, ಟಿಂವ್!

"ಮೂರು ಬೇಳೆ, ಮೂರು ಟಿಂವ್!" ಪಂಚಾಕ್ಷರಿ ಕುಣಿದೇಬಿಟ್ಟ.

ಮಂಗಳ ಮಾತ್ರ ಟೀವಿಯನ್ನೇ ನೋಡುತ್ತಿದ್ದಳು. "ಅಲ್ಲ ಪಂಚಣ್ಣ, ಇಷ್ಟು ಲಕ್ಷಣವಾದ ಪಡವಲಕಾಯಿ ನಾನು ಜನ್ಮದಲ್ಲಿ ಕಂಡಿಲ್ಲ. ಬೇಳೆ ಎಲ್ಲಿ ಕಾಣ್ತಿದೆ?"

"ಸದ್ದು ಬಂತಲ್ಲ ಅತ್ತಿಗೆ, ಕಾಣೋದು ಯಾಕೆ?" ಎಂದವನೇ ಪಡವಲಕಾಯಿ ಸಮೇತ ಹೊರಟುಹೋದ. ಅಂದು ನಮಗೆ ಬೇಳೆ ಸಾರೇ ಗತಿಯಾಯಿತು.

ಪಂಚಾಕ್ಷರಿ ಡಾಕ್ಟರೂ ಅಲ್ಲ, ಎಂಜಿನಿಯರೂ ಅಲ್ಲ. ಅರಸೀಕೆರೆಯ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಅವನ ಪ್ರಭಾ ಸ್ಟುಡಿಯೋ ಇತ್ತು. ಅಬ್ಬ, ಏನು ವೈಭವ! ಒಳಗೆ ಹೋದರೆ ಒಂದು ಕನ್ನಡಿ, ಎಲ್ಲರ ತಲೆಗೂ ಒಂದೇ ಬಾಚಣಿಗೆ, ಪೌಡರ್ ಡಬ್ಬಿ, ಯಾರಿಗೂ ಕರೆ ಹೋಗದ ಕೆಂಪು ಟೆಲಿಫೋನು. ಹಿಂದೆ ಕೊಳದಲ್ಲಿ ಹಂಸ ಈಜುವ ಪರದೆ. ಹಂಸದ ಕತ್ತು ತುಸು ಸೊಟ್ಟ, ಪರದೆ ಬರೆದವನೂ ಪಂಚಾಕ್ಷರಿಯೇ. ನಾನು ಟಿಕೆಟ್ ಕೌಂಟರಿನ ಕೆಲಸ ಮುಗಿಸಿ ದಿನಾ ಸಂಜೆ ಅಲ್ಲಿ ಕೂರುತ್ತಿದ್ದೆ. ಡಾರ್ಕ್‌ರೂಮಿನ ಕೆಂಪು ಬೆಳಕಲ್ಲಿ, ತಟ್ಟೆಯ ನೀರಿನಲ್ಲಿ, ಖಾಲಿ ಕಾಗದದ ಮೇಲೆ ನಿಧಾನವಾಗಿ ಯಾರದೋ ಮುಖ ಮೂಡುವುದನ್ನು ನೋಡುವುದೇ ಒಂದು ಸುಖ.

ಅವನ ದೊಡ್ಡ ವಿದ್ಯೆ ಟಚಪ್. ಚೂಪಾದ ಪೆನ್ಸಿಲ್ಲಿನಿಂದ ನೆಗೆಟಿವ್ ಮೇಲೆ ಮೆಲ್ಲಗೆ ತೀಡಿದನೆಂದರೆ ಮೊಡವೆ, ಮಚ್ಚೆ, ಸಿಡುಬಿನ ಕಲೆ ಎಲ್ಲ ಮಾಯ. ಸುತ್ತಮುತ್ತಲ ಊರಿನ ಗಂಡು ಹೆಣ್ಣುಗಳ ಮದುವೆ ಕುದುರಿದ್ದೇ ಆ ಪೆನ್ಸಿಲ್ಲಿನಿಂದ.

ನನ್ನದೂ ಹಾಗೇ. ನನ್ನ ಎಡಗೆನ್ನೆಯ ಮೇಲೆ ಕಡಲೆಕಾಳಿನಷ್ಟು ಮಚ್ಚೆಯಿದೆ. ತಿಪಟೂರಿನ ಹೆಣ್ಣಿನ ಮನೆಗೆ ಹೋದ ಫೋಟೋದಲ್ಲಿ ಅದರ ಸುಳಿವೇ ಇರಲಿಲ್ಲ. ಧಾರೆಯ ದಿನ ತೆರೆ ಸರಿಸಿದಾಗ ಮಂಗಳ ನನ್ನ ಕೆನ್ನೆ ನೋಡಿದ ನೋಟವನ್ನು ನಾನಿನ್ನೂ ಮರೆತಿಲ್ಲ, ಅವಳೂ ಮರೆಯಲು ಬಿಟ್ಟಿಲ್ಲ. "ಫೋಟೋದಲ್ಲಿ ಆ ಜಾಗ ಬೆಣ್ಣೆ ಹಾಗಿತ್ತು. ಆಗಲೇ ನನಗೆ ಅನುಮಾನ ಬರಬೇಕಿತ್ತು!" ಎಂದು ಇವತ್ತಿಗೂ ಹಂಗಿಸುತ್ತಾಳೆ.

ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಸ್ಟುಡಿಯೋ ಮುಚ್ಚಿತು. ಪಂಚಾಕ್ಷರಿ ಸುಮ್ಮನೆ ಕೂರುವ ಪೈಕಿಯಲ್ಲ. ತನ್ನ ಹಳೆಯ ನೆಗೆಟಿವ್‌ಗಳನ್ನೂ ಟಚಪ್ ಆದ ಫೋಟೋಗಳನ್ನೂ ಜೋಡಿ ಜೋಡಿಯಾಗಿ ಈ ಯಂತ್ರಕ್ಕೆ ತಿನ್ನಿಸಿದ. "ಉಬ್ಬು ಅಂದ್ರೆ ಉಬ್ಬೇ. ಕೆನ್ನೆದಾದರೇನು, ಕರುಳಿನದಾದರೇನು?" ಎಂಬುದು ಅವನ ವಾದ. ಯಂತ್ರ ಉಬ್ಬನ್ನು ಗುರುತಿಸಲು ಕಲಿಯಿತು, ನಿಜ. ಜೊತೆಗೆ ಇನ್ನೇನು ಕಲಿಯಿತೆಂದು ಅವನು ಯೋಚಿಸಲೇ ಇಲ್ಲ.

ಕೊನೆಗೆ ಪಂಚಾಕ್ಷರಿ, ಮಂಗಳ ಇಬ್ಬರೂ ಸೇರಿ ನನ್ನನ್ನು ಹಾಸನಕ್ಕೆ ಎಳೆದೊಯ್ದರು. ಹಿಂದಿನ ದಿನ ಬಿಂದಿಗೆಗಟ್ಟಲೆ ಉಪ್ಪುಪ್ಪಾದ ಔಷಧಿ ನೀರು ಕುಡಿದು ನಾನು ಬಚ್ಚಲ ಬಾಗಿಲಲ್ಲೇ ಬಿಡಾರ ಹೂಡಿದ್ದನ್ನು ವರ್ಣಿಸಲಾರೆ.

"ಮಾವ, ನನ್ನ ಸ್ಕ್ರೀನಲ್ಲಿ ನನ್ನ ಕೆಲಸ. ನಿಮ್ಮಾಟ ಏನಿದ್ದರೂ ಪಕ್ಕದ ಸ್ಕ್ರೀನಲ್ಲಿ," ಎಂದಳು ವಿನೋದಿನಿ.

ಪಂಚಾಕ್ಷರಿ ಅವಳ ಕ್ಯಾಮೆರಾ ಕೊಳವೆಯನ್ನು ತನ್ನ ಯಂತ್ರಕ್ಕೂ ಜೋಡಿಸಿ ಚಾಲೂ ಕೊಟ್ಟ. ಟಿಂವ್! ನರ್ಸಮ್ಮನ ಹಣೆಯ ಬೊಟ್ಟು ಕಂಡಿತ್ತು. ಟಿಂವ್! ವಾರ್ಡ್‌ಬಾಯ್ ಮೂಗಿನ ಮೊಡವೆ. ನನ್ನ ಕೆನ್ನೆಯತ್ತ ತಿರುಗಿದ್ದೇ ತಡ, ಹಳೇ ಸ್ನೇಹಿತ ಸಿಕ್ಕ ಹಾಗೆ ಟಿಂವ್ ಟಿಂವ್ ಟಿಂವ್ ಎಂದು ಬಾಯಿ ಬಡಿದುಕೊಂಡಿತು!

"ಮಾವ, ಮೊದಲು ಅದರ ಬಾಯಿ ಮುಚ್ಚಿಸಿ!"

ಅವನು ಗಾಬರಿಯಿಂದ ಸದ್ದಿನ ವೈರು ಕಿತ್ತು, ಸಿಕ್ಕ ಇನ್ನೊಂದು ತೂತಿಗೆ ತುರುಕಿದ. ಸದ್ದು ನಿಂತಿತು. ಪಕ್ಕದ ಸ್ಕ್ರೀನೂ ಕಪ್ಪಾಯಿತು. ನನಗೆ ಮಂಪರು ಬರುವ ಸೂಜಿ ಚುಚ್ಚಿ ವಿನೋದಿನಿ ಪರೀಕ್ಷೆ ಶುರುಮಾಡಿದಳು.

ಅತ್ತ ಹೊರಗಿನ ಹಾಲ್‌ನಲ್ಲಿ, ರೋಗಿಗಳು ನೋಡುತ್ತಿದ್ದ ಧಾರಾವಾಹಿಯಲ್ಲಿ ಅತ್ತೆ ಸೊಸೆಯ ಮೇಲೆ ಕೈಯೆತ್ತಿದ್ದಳಂತೆ. ಪಂಚಾಕ್ಷರಿ ವೈರು ತುರುಕಿದ್ದು ಆ ಟೀವಿಯ ತೂತಿಗೆ. ಏಟು ಬೀಳುವ ಮೊದಲೇ ಅದರಲ್ಲಿ ನನ್ನ ಕರುಳು ಬಂತು! ಗುಲಾಬಿ ಬಣ್ಣ ಬಳಿದುಕೊಂಡು, ಮೊಟ್ಟೆಯಾಕಾರದ ಚೌಕಟ್ಟಿನೊಳಗೆ, ಸುತ್ತ ನೀಲಿ ಕೊಳ.

"ಯಾವ ಕ್ಷೇತ್ರದ ಗವಿನಮ್ಮಾ ಇದು? ಎಷ್ಟ್ ಚೆನ್ನಾಗೈತೆ!" ಎಂದು ಅಜ್ಜಿಯೊಬ್ಬಳು ಕೈಮುಗಿದಳಂತೆ.

ಆಗ ಕೊಳದ ಮೂಲೆಯಿಂದ ಸೊಟ್ಟ ಕತ್ತಿನ ಹಂಸ ತೇಲಿಬಂತು. ಅಲ್ಲೇ ಕೂತಿದ್ದ ಮಂಗಳ ಎದ್ದು ನಿಂತಳು. ಆ ಹಂಸ ನಮ್ಮ ಮನೆಯ ಗೋಡೆಯ ಮೇಲೆ, ನನ್ನ ಫೋಟೋದ ಹಿಂದೆ, ಮದುವೆಯಾದಾಗಿನಿಂದ ಈಜುತ್ತಲೇ ಇದೆ.

"ಅಯ್ಯಯ್ಯೋ, ಇದು ಗವಿಯಲ್ಲ ಅಜ್ಜಿ, ನಮ್ಮೆಜಮಾನ್ರು!"

ನಾಚಿಕೊಂಡು ಕೂತವಳು ಮತ್ತೆ ದಿಗ್ಗನೆದ್ದಳು. ಒಂದು ತಿರುವಿನ ಮಡಿಕೆಯಲ್ಲಿ ಸುತ್ತಲಿನ ಸುಕ್ಕುಗಳೆಲ್ಲ ಹೋಗಿ, ಕಡಲೆಕಾಳಿನಷ್ಟು ಜಾಗ ಬೆಣ್ಣೆಯ ಹಾಗೆ ನುಣ್ಣಗಿತ್ತು. ಓಡಿಬಂದು ಬಾಗಿಲು ಬಡಿದಳು.

"ಡಾಕ್ಟರಮ್ಮಾ, ವಾಪಸ್ ಹೋಗಿ! ಆ ತಿರುವಿನಲ್ಲಿ ಏನೋ ಇದೆ!"

"ಆಂಟಿ, ನಾನು ಈಗಷ್ಟೇ ನೋಡಿದೆ, ಅಲ್ಲಿ ಏನೂ ಕಾಣಲಿಲ್ಲ."

"ಕಾಣಲ್ಲ! ಪಂಚಣ್ಣನ ಕೈ ಎಲ್ಲಿ ನುಣ್ಣಗೆ ಮಾಡುತ್ತೋ ಅಲ್ಲೇ ಮಚ್ಚೆ ಇರುತ್ತೆ. ನಾನು ಆ ಮೋಸದಲ್ಲೇ ಸಂಸಾರ ಮಾಡಿದೀನಿ ತಾಯಿ, ನಂಗೊತ್ತಿಲ್ವಾ!"

ಮಂಪರಿನಲ್ಲೂ ಅವಳ ದನಿ ನಡುಗಿದ್ದು ನನಗೆ ಕೇಳಿಸಿತು. ನನ್ನಪ್ಪನ ಕೊನೆಯ ದಿನಗಳಲ್ಲಿ ಗಂಜಿ ಕುಡಿಸಿದವಳು ಅವಳೇ. ನನಗೆ ಅಳು ಬಂತು.

ವಿನೋದಿನಿ ಕೊಳವೆಯನ್ನು ಮತ್ತೆ ಆ ತಿರುವಿಗೆ ಒಯ್ದಳು. ಮಡಿಕೆ ಸರಿಸಿ ನೀಲಿ ಬಣ್ಣದ ನೀರು ಚಿಮುಕಿಸಿದಳು. ಬಟ್ಟೆಗೆ ನೀಲಿ ಹಾಕಿದಾಗ ಕಲೆ ಉಳಿದ ಜಾಗ ಕಾಣುವಂತೆ, ಚಪ್ಪಟೆಯಾದ ಗುಳ್ಳೆಯೊಂದರ ಅಂಚು ಎದ್ದು ಕಂಡಿತು.

"ಸಿಕ್ತು ಕಳ್ಳ!" ಎಂದಳು. ಸಣ್ಣ ತಂತಿಯ ಕುಣಿಕೆ ಹಾಕಿ ಅಲ್ಲೇ ಕತ್ತರಿಸಿ ತೆಗೆದಳು. ಪರೀಕ್ಷೆಗೆ ಕಳಿಸಿದ್ದರ ಉತ್ತರ ಆಮೇಲೆ ಬಂತು. ಇನ್ನೂ ಕೆಟ್ಟಿರಲಿಲ್ಲ, ಬಿಟ್ಟಿದ್ದರೆ ಕೆಡುತ್ತಿತ್ತು.

ಪಂಚಾಕ್ಷರಿ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ. "ಹುಡುಕು ಅಂದ್ರೆ ಮುಚ್ಚಿಹಾಕ್ತಲ್ಲೋ ವೀರಣ್ಣ ಇದು. ನನ್ನ ಬುದ್ಧಿಯೇ ಬಂದಿದೆ ಇದಕ್ಕೆ."

"ಮುಚ್ಚಿದ್ದಕ್ಕೇ ಸಿಕ್ಕಿದ್ದು ಪಂಚಣ್ಣ, ಏಳಿ," ಎಂದಳು ಮಂಗಳ. "ಮನೆಗೆ ಹೋಗಿ ಪಡವಲಕಾಯಿ ಹುಳಿ ಮಾಡ್ತೀನಿ. ಕಾಯಿ ಮಾತ್ರ ನೀವೇ ತರಬೇಕು."

ಹೊರಡುವ ಹೊತ್ತಿಗೆ ಯಂತ್ರ ತನ್ನಷ್ಟಕ್ಕೆ ತಾನೇ ಗುರುಗುಟ್ಟಿ ಒಂದು ಫೋಟೋ ಉಗುಳಿತು. ಗುಳ್ಳೆ ತೆಗೆದ ಮೇಲೆ ಅಳಿಸಲು ಏನೂ ಉಳಿಯದ ನನ್ನ ಕರುಳು, ಗುಲಾಬಿ ಬಣ್ಣ, ಕೊಳ, ಹಂಸ, ಅಡಿಯಲ್ಲಿ ಮುತ್ತಿನಂಥ ಅಕ್ಷರ: ಪ್ರಭಾ ಸ್ಟುಡಿಯೋ, ಅರಸೀಕೆರೆ.

ಮಂಗಳ ಅದಕ್ಕೆ ಕಟ್ಟು ಹಾಕಿಸಿ ನಮ್ಮ ಮದುವೆಗೆ ಮುಂಚಿನ ಆ ಫೋಟೋದ ಪಕ್ಕದಲ್ಲೇ ತೂಗುಹಾಕಿದ್ದಾಳೆ. ಬಂದವರು ಇದ್ಯಾವ ಗವಿ ಎಂದು ಕೇಳಿದರೆ ಅವಳದು ಒಂದೇ ಉತ್ತರ.

"ಎರಡೂ ಇವರದೇ. ಆದರೆ ಪಂಚಣ್ಣ ತೆಗೆದಿದ್ದರಲ್ಲಿ ಸುಳ್ಳು ಹೇಳದ ಫೋಟೋ ಅಂದ್ರೆ ಈ ಕರುಳಿಂದೊಂದೇ."