ಒಂದೇ ಬಾಂಬಿಗೆ ಇನ್ನೂರು ಎಲೆ

ಈ ಸಿನಿಮಾ ನೋಡಿದ್ದಕ್ಕೆ ನನಗೆ ಬಿದ್ದ ಖರ್ಚು ಇನ್ನೂರು ಎಲೆ ಊಟ. ಟಿಕೆಟ್ಟಿಲ್ಲ, ಕಾಫಿಯೂ ಬೀಗರದೇ. ಆದರೂ ಇನ್ನೂರು ಎಲೆ! ಕಾರಣ ಹೇಳುತ್ತೇನೆ ಕೇಳಿ. ನಿಮಗೂ ಮದುವೆಗೆ ಬಂದ ಮಗಳಿರಬಹುದು.

ನಂಜನಗೂಡಿನಲ್ಲಿ ನನ್ನದು ಎತ್ತಿನ ವ್ಯಾಪಾರ. ಮಗಳಿಗೆ ಗೊತ್ತಾದ ಗಂಡು ಬನ್ನೂರಿನ ನಿಂಗೇಗೌಡರ ಮಗ. ಗೌಡರು ಮಿಲಿಟರಿಯಿಂದ ಬಂದು ಕುರಿ ವ್ಯಾಪಾರಕ್ಕೆ ಇಳಿದವರು. ಎಲ್ಲ ಮಾತೂ ಮುಗಿದು ಒಂದೇ ಉಳಿದಿತ್ತು: ಗಂಡಿನ ಕಡೆಯಿಂದ ಎಷ್ಟು ಜನ? ಊಟ ನಮ್ಮದು. ಅವರು ಐನೂರು ಎಂದರು, ನಾನು ಮುನ್ನೂರು ಎಂದೆ. ಮಾತು ಅಲ್ಲಿಗೇ ನಿಂತಿದ್ದಾಗ ಗೌಡರ ಫೋನ್ ಬಂತು.

"ಬೀಗ್ರೇ, ಭಾನ್ವಾರ ಬನ್ನಿ. ಯುದ್ಧದ ಸಿನಿಮಾ ತೋರಿಸ್ತೀನಿ. ಹಳೇದು, ದೊಡ್ಡ ಡೈರೆಕ್ಟ್ರು. ಅದ್ ನೋಡ್ದೋನ್ ಮನ್ಸ ಆಯ್ತಾನೆ ಕಣ್ರೀ!"

ನನಗೆ ಒಳಗೊಳಗೇ ಖುಷಿ. ಗುಂಡಿನ ಗದ್ದಲದಲ್ಲಿ ಎಂಥವನೂ ಮೈಮರೆಯುತ್ತಾನೆ. ಆಗ ಮೆಲ್ಲಗೆ ಮುನ್ನೂರಕ್ಕೆ ಒಪ್ಪಿಸಿಬಿಡುವುದು. ಹೆಂಡತಿ ಮಂಗಳಳನ್ನೂ ಕರೆದುಕೊಂಡು ಹೊರಟೆ.

ಗೌಡರು ಮಟಮಟ ಮಧ್ಯಾಹ್ನ ತಮ್ಮ ಮನೆಯ ಕಿಟಕಿ ಪರದೆ ಎಳೆದು, ಕತ್ತಲು ಮಾಡಿ ಟಿ.ವಿ. ಹಾಕಿದರು. ಹತ್ತು ಸಿಪಾಯಿಗಳು ಕಂದಕದಲ್ಲಿ ಕುಳಿತರು. ಅರ್ಧ ಗಂಟೆ ಕಳೆಯಿತು. ಕುಳಿತೇ ಇದ್ದರು! ಒಬ್ಬ ಆಲೂಗಡ್ಡೆ ಸುಲಿದ. ಗಾಳಿಗೆ ಹುಲ್ಲು ಅಲ್ಲಾಡಿತು. ಅದನ್ನೇ ಐದು ನಿಮಿಷ ತೋರಿಸಿದರು. ಹುಲ್ಲೇನೋ ಚೆನ್ನಾಗಿತ್ತು, ಎತ್ತುಗಳಿಗಾಗುತ್ತಿತ್ತು.

"ಯುದ್ಧ ಯಾವಾಗ ಬತ್ತದೆ ಬೀಗ್ರೇ?" ಎಂದು ಪಿಸುಗುಟ್ಟಿದೆ.

"ಶ್! ಕಾಯೋದೇ ಯುದ್ಧ," ಎಂದರು ಗೌಡರು. ಅವರ ಕಣ್ಣು ಒದ್ದೆಯಾಗಿತ್ತು!

ನನಗೆ ಭಯ ಶುರುವಾಯಿತು. ಮುಗಿದ ಮೇಲೆ ಹೇಗಿತ್ತು ಎಂದು ಕೇಳುತ್ತಾರೆ. ಬೇಜಾರು ಎಂದರೆ ಸಂಬಂಧವೇ ಹೋಯಿತು! ಆಕಳಿಕೆ ಬಂದಾಗಲೆಲ್ಲ ಕೆಮ್ಮಿದೆ. ಕಾಲು ಜೋಮು ಹಿಡಿಯಿತು, ಅಲ್ಲಾಡಿಸಲು ಧೈರ್ಯವಿಲ್ಲ. ಜೊತೆಗೆ ಆ ಮೌನ! ಹಕ್ಕಿ ಕೂಗಿದರೂ ಎದೆ ಝಲ್ಲೆನ್ನುತ್ತಿತ್ತು. ಬೆವರಿ, ಹೆಗಲ ಟವೆಲಿನಿಂದ ಮುಖ ಒರೆಸಿ ಸೋಫಾದ ಮೇಲೆ ಬಿಟ್ಟೆ. ಅದು ನನ್ನ ಕೈ, ಪಕ್ಕದಲ್ಲಿದ್ದ ಗೌಡರ ಕೈ ಎರಡರ ಮೇಲೂ ಬಿತ್ತು.

ಎರಡು ಗಂಟೆ ಕಳೆದ ಮೇಲೆ, ಡಮಾರ್!

ಇಡೀ ಸಿನಿಮಾಕ್ಕೆ ಅದೊಂದೇ ಬಾಂಬು. ನಾನು "ಅಯ್ಯಪ್ಪಾ!" ಎಂದು ಟವೆಲಿನಡಿ ಸಿಕ್ಕಿದ ಕೈಯ ಐದೂ ಬೆರಳು ಹಿಡಿದು ಅದುಮಿದೆ.

ದನವಾಗಲಿ ಕುರಿಯಾಗಲಿ, ಸಂತೆಯಲ್ಲಿ ನಾವು ಬಾಯಿಬಿಟ್ಟು ಬೆಲೆ ಹೇಳುವುದಿಲ್ಲ. ಟವೆಲಿನ ಮರೆಯಲ್ಲಿ ಹಿಡಿದ ಬೆರಳೇ ಲೆಕ್ಕ, ಅದುಮಿದರೆ ಒಪ್ಪಿಗೆ. ಗೌಡರು ಎದ್ದೇಬಿಟ್ಟರು.

"ಐದು! ಐನೂರು! ಕೇಳುದ್ಯಾ ಅಮ್ಮಿ, ಬೀಗ್ರು ಒಪ್ಪವ್ರೆ! ಸಿನಿಮಾ ಮನ್ಸ್ ಕರಗಿಸ್ಬುಡ್ತು!" ಎಂದು ಹೆಂಡತಿಗೆ ಕೂಗಿ ಹೇಳಿದರು.

"ಅದು... ಬಾಂಬಿಗೆ..." ಎಂದೆ.

"ಟವಲ್ ಒಳ್ಗಿನ್ ಮಾತು, ಬೀಗ್ರೇ!"

ಆ ಮಾತಿಗೆ ತಪ್ಪಿದವನ ಜೊತೆ ಸಂತೆಯಲ್ಲಿ ಯಾರೂ ವ್ಯಾಪಾರ ಮಾಡುವುದಿಲ್ಲ. ಮೂವತ್ತು ವರ್ಷದಿಂದ ಊರಿಗೆಲ್ಲ ನಾನೇ ಹೇಳಿಕೊಟ್ಟ ನಿಯಮ! ತಲೆಯಾಡಿಸಿದೆ.

ಬಸ್ಸಿನಲ್ಲಿ ಮಂಗಳ ತಿರುಗಿದಳು. "ಏನ್ರೀ, ಗೂಳಿ ಮುಂದೆ ನಿಲ್ಲೋ ಗಂಡ್ಸು, ಟಿ.ವಿ.ಗೆ ಹೆದ್ರಿ ಬೀಗ್ರ ಕೈ ಹಿಡ್ಕಂಡ್ರಾ?"

"ಅವ್ರೇ ತಪ್ಪು ತಿಳ್ಕಂಡ್ರು ಕಣೇ."

"ಧಾರೆಲಿ ನನ್ ಕೈನೂ ಇಷ್ಟು ಗಟ್ಟಿಯಾಗಿ ಹಿಡ್ದಿರ್ಲಿಲ್ಲ ನೀವು!"

ಆದ್ದರಿಂದ, ಯುದ್ಧದ ಸಿನಿಮಾಕ್ಕೆ ಕರೆದರೆ ಬಾಂಬು ಎಷ್ಟು, ಎಷ್ಟನೇ ನಿಮಿಷಕ್ಕೆ ಎಂದು ಮೊದಲೇ ಕೇಳಿಕೊಳ್ಳಿ. ಡೈರೆಕ್ಟರು ದೊಡ್ಡವರಾದಷ್ಟೂ ಬಾಂಬು ಕಡಿಮೆ. ಬೀಗರ ಪಕ್ಕ ಕೂರಬೇಡಿ. ಕೂರಲೇಬೇಕಾದರೆ ಎರಡೂ ಕೈ ತೊಡೆಯ ಕೆಳಗಿರಲಿ. ನನಗೇನು ಭಯ ಎಂದು ಮಾತ್ರ ಅಂದುಕೊಳ್ಳಬೇಡಿ. ನಾನೂ ಹಾಗೇ ಅಂದುಕೊಂಡು ಕುಳಿತಿದ್ದೆ.