ಶ್ರಾವಣ ಸೋಮವಾರದ ಸೂಜಿ

ಎಲ್ಲರ ಮಾತನ್ನೂ ಕೇಳುವವನು ಸಜ್ಜನ ಎಂಬ ಭಾವನೆ ಲೋಕದಲ್ಲಿದೆ. ನನಗೂ ಇತ್ತು. ಹುಬ್ಬಳ್ಳಿಯ ಪತ್ರಿಕಾ ಕಚೇರಿಯಲ್ಲಿ ಸುದ್ದಿಯ ಎರಡೂ ಕಡೆ ಕೇಳಿ ಬರೆಯುವ ನನಗೆ ಮನೆಯಲ್ಲೂ ಅದೇ ಚಟ. ಸಕ್ಕರೆ ರೋಗಕ್ಕೆ ಇನ್ಸುಲಿನ್ ಶುರುವಾದಾಗ ಡಾಕ್ಟರು, "ಸೂಜಿ ಒಂದಿನಾನೂ ತಪ್ಪಸಬ್ಯಾಡ್ರಿ" ಎಂದಿದ್ದರು. ಶ್ರಾವಣ ಸೋಮವಾರ ಬಂದಾಗ ಅವ್ವ, "ಸಂಜಿ ಪೂಜಿ ಆಗೂತನಕ ಬಾಯಾಗ ಏನೂ ಹಾಕಬ್ಯಾಡಪಾ" ಎಂದಳು. ನಾನು ಇಬ್ಬರಿಗೂ ಸಮಾನ ನ್ಯಾಯ ಒದಗಿಸಿದೆ. ಬೆಳಿಗ್ಗೆ ಸೂಜಿ ಚುಚ್ಚಿಕೊಂಡು ಉಪವಾಸ ಕೂತೆ.

ಮಧ್ಯಾಹ್ನದ ಹೊತ್ತಿಗೆ ಲೋಕ ಬಹಳ ಸುಂದರವಾಯಿತು. ಕಿಟಕಿಯಾಚೆ ಚಕ್ಕಡಿಯಲ್ಲಿ ಹೋಗುತ್ತಿದ್ದ ಅರಳೆಯ ಅಂಡಿಗೆಗಳು, ಆ ದೊಡ್ಡ ಹತ್ತಿಮೂಟೆಗಳು, ಮೆಲ್ಲಗೆ ನೆಲ ಬಿಟ್ಟು ಮೋಡದ ಸಾಲಿಗೆ ಸೇರಿದವು. ನನ್ನ ಅಂಗಿ ಬೆವರಿನಿಂದ ತೊಯ್ದಿತ್ತು. ಆ ಬೆವರು ಬೇರೆ ಯಾರದೋ ಎನಿಸಿತು. ಹೆಂಡತಿ ಶಾಂತಾ ನನ್ನನ್ನು ಟಾಂಗಾಕ್ಕೆ ಹತ್ತಿಸಿದಳಂತೆ. ನನಗೆ ಕೇಳಿಸಿದ್ದು ಗೊರಸಿನ ಸದ್ದು ಮಾತ್ರ, ದೂರದಲ್ಲೆಲ್ಲೋ ಅಚ್ಚಿನ ಯಂತ್ರ ನಡೆಯುತ್ತಿದ್ದ ಹಾಗೆ.

ಮುಂದಿನದು ಶಾಂತಾಳ ವರದಿ. ಆಸ್ಪತ್ರೆಯ ತುರ್ತು ಕೋಣೆಯಲ್ಲಿ ನನ್ನ ಪರಿಚಯವಿಲ್ಲದ ಡಾಕ್ಟರು ಹೆಸರು ಕೇಳಿದರೆ ನಾನು, "ಮೊದಲನೇ ಪುಟ, ಎರಡು ಕಾಲಂ" ಎಂದೆನಂತೆ. ಅವರು ನನ್ನ ಬಾಯಿ ಮೂಸಿದರು.

"ಕುಡದಾರೇನ್ರಿ?"

"ಅಯ್ಯ, ಮುಂಜಾನಿಂದ ನೀರೂ ಕುಡದಿಲ್ರಿ! ಬರೇ ಇನ್ಸುಲಿನ್ ಸೂಜಿ ಚುಚ್ಚಿಕೊಂಡಾರ."

ಡಾಕ್ಟರ ಮುಖ ಬದಲಾಯಿತು. "ಸಿಸ್ಟರ್, ಲಗೂ ಗ್ಲೂಕೋಸ್ ತರ್ರಿ! ಸಕ್ಕರಿ ಪೂರಾ ಇಳದೈತಿ."

ಶಾಂತಾ ಅವರ ಕೈ ಹಿಡಿದುಬಿಟ್ಟಳು. "ಸಕ್ಕರಿ ಕೊಡತೀರೇನ್ರಿ? ಇವರ ಚಹಾಕ್ಕ ಒಂದ ಹರಳ ಸಕ್ಕರಿ ಬೀಳದಂಗ ಕಾದೇನ್ರಿ ನಾ! ಈಗ ನೀವ ಕೊಲ್ಲತೀರಿ?"

"ಬಾಯಾರ, ಈಗ ಕೊಡಲಿಲ್ಲಂದ್ರ ಇವರು ಏಳೂದಿಲ್ಲ. ಕೈ ಬಿಡ್ರಿ."

ಬಿಟ್ಟಳು. ಗ್ಲೂಕೋಸ್ ನರದೊಳಗೆ ಇಳಿದಂತೆ ಮೋಡಗಳೂ ಒಂದೊಂದಾಗಿ ಕೆಳಗಿಳಿದು ಅಂಡಿಗೆಗಳಾದವು. ಕೊನೆಯದೊಂದು ಶಾಂತಾಳ ಮುಖವಾಗಿ ನಿಂತಿತು.

"ಏನ್ ಮಾಡಾಕತ್ತೀ?" ಎಂದೆ.

"ಅಳಾಕತ್ತೇನಿ. ಕಾಣವಲ್ದೇನು?"

ಅವ್ವ ಅಂದೇ ತೀರ್ಪು ಕೊಟ್ಟಳು: "ಸೂಜಿ ಇದ್ದವಗ ಉಪಾಸ ಇಲ್ಲ. ಶಿವಗ ನಾ ಹೇಳತೇನಿ." ನಾನು ಬೆವರಿ ಮಂಕಾದರೆ ಬಾಯಿಗೆ ಸಕ್ಕರೆ ಹಾಕಬೇಕೆಂದು ಡಾಕ್ಟರು ಕಲಿಸಿಕೊಟ್ಟರು. ಸಕ್ಕರೆ ಡಬ್ಬಿ ಶಾಂತಾಳ ವಶದಲ್ಲಿದೆ.

ಸಪ್ಪೆ ಚಹಾ ಕುಡಿದು ಬೇಸತ್ತ ಸಂಜೆಗಳಲ್ಲಿ ನಾನು ಆಗಾಗ ಕುರ್ಚಿಗೊರಗಿ, ಕಣ್ಣು ಅರೆಮುಚ್ಚಿ, "ಮೋಡ... ಅಂಡಿಗಿ..." ಎಂದು ತೊದಲುವುದುಂಟು. ಶಾಂತಾ ಡಬ್ಬಿ ಹಿಡಿದೇ ಓಡಿ ಬರುತ್ತಾಳೆ. ನನ್ನ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಅವಳು ಮೊದಲು ಹಣೆ ಮುಟ್ಟಿ ನೋಡುತ್ತಾಳೆ.

"ಬೆವರಿಲ್ಲ. ಬಾಯಿ ಮುಚ್ಚಿ ಏಳ್ರಿ, ಆಫೀಸಿನ ರಾತ್ರಿ ಪಾಳಿಗೆ ಹೊತ್ತಾತು."